ಗುಂಡಿ ಡಬ್ಬಿಯಲ್ಲಿ ಹನ್ನೊಂದು ಮನೆ

ನಾಲ್ಕು ಮಹಡಿಯ ಆ ಕಟ್ಟಡದಲ್ಲಿ ಹನ್ನೆರಡು ಮನೆಗಳಿದ್ದವು. ಅವುಗಳಲ್ಲಿ ಹನ್ನೊಂದು ಮನೆಗಳ ಬೀಗದ ಕೈ ಇರುತ್ತಿದ್ದದ್ದು ಕೆಳಗೆ, ಮೆಟ್ಟಿಲ ಅಡಿಯ ಟೈಲರಕ್ಕನ ಅಂಗಡಿಯಲ್ಲಿ, ಗುಂಡಿ ತುಂಬಿದ ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು. ನಲ್ಲಿ ರಿಪೇರಿಯವನು ಬಂದರೆ, ಮಕ್ಕಳು ಶಾಲೆಯಿಂದ ಬೇಗ ಬಂದರೆ, ಬಾಗಿಲು ತೆಗೆಯಲು ಅಕ್ಕನೇ ಬೇಕು. ಯಾರು ಬಂದರು, ಯಾರು ಹೋದರು ಎಂಬುದು ಹೊಲಿಗೆ ಮಿಶನ್ ಮುಂದೆ ಕೂತೇ ಅವಳಿಗೆ ತಿಳಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲು ಮಾತ್ರ ಕನ್ನಡಕ ಬೇಕು, ಗೇಟಿನತ್ತ ನೋಡಲು ಬೇಡ.

ಬೀಗದ ಕೈಗಳಿಗೆ ಅವಳು ಹೆಸರು ಬರೆದವಳಲ್ಲ, ನಂಬರು ಹಾಕಿದವಳಲ್ಲ. ಆಯಾ ಮನೆಯವರ ಬಟ್ಟೆ ಹೊಲಿದಾಗ ಉಳಿದ ಬೆರಳಗಲದ ತುಂಡನ್ನು ಕಟ್ಟಿಬಿಡುತ್ತಿದ್ದಳು. ಬೂದು ಪಟ್ಟೆಯದು ಬ್ಯಾಂಕಿನವರದು, ಕೆಂಪು ಚೌಕುಳಿಯದು ನರ್ಸಮ್ಮನದು. ಯಾವುದು ಯಾರದ್ದೆಂದು ಅವಳೊಬ್ಬಳಿಗೇ ಗೊತ್ತು.

"ಇದೆಂಥ ವ್ಯವಸ್ಥೆ ಕಣಮ್ಮ? ಒಂದು ರಿಜಿಸ್ಟರ್ ಇಡಿ, ನಂಬರ್ ಹಾಕಿ" ಎಂದು ಎರಡನೇ ಮಹಡಿಯ ವಿಮೆಯವರು ಆಗಾಗ ಮೂಗು ತೂರಿಸುತ್ತಿದ್ದರು. ಹನ್ನೆರಡನೇ ಮನೆ ಅವರದೇ. ಯಾರನ್ನೂ ನಂಬದ ಒಂಟಿ ಮನುಷ್ಯ. ಬಾಗಿಲಿಗೆ ಮೂರು ಬೀಗ, ಮೈಗೆ ಯಾವಾಗಲೂ ಅಂಗಡಿಯಿಂದ ಕೊಂಡ ಸಿದ್ಧ ಉಡುಪು. ಹೀಗಾಗಿ ಅಕ್ಕನಿಗೆ ಅವರಿಂದ ಬೀಗದ ಕೈಯೂ ಇಲ್ಲ, ಬಟ್ಟೆ ತುಂಡೂ ಇಲ್ಲ.

"ನಂಬರ್ ಹಾಕಿದ್ರೆ ಕಳ್ಳನಿಗೂ ಓದೋಕೆ ಬರುತ್ತಲ್ಲ ಸಾರ್" ಎಂದು ಅಕ್ಕ ಕತ್ತರಿ ಆಡಿಸುತ್ತಲೇ ಹೇಳುತ್ತಿದ್ದಳು.

ಮೂರನೇ ಮಹಡಿಯ ಅಜ್ಜಿಯದು ಬೇರೆಯೇ ತಕರಾರು. ಅವರಿಗೆ ಕಿವಿ ಮಂದ, ಕಣ್ಣು ಬಲು ಚುರುಕು. ಮಧ್ಯಾಹ್ನ ಮಲಗಿದರೆ ಗಂಟೆ ಹೊಡೆದರೂ ಏಳುವುದಿಲ್ಲವೆಂದು ಮಗಳು ಒಂದು ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟಿದ್ದಳು. ಮೂರು ವರ್ಷದ ಹಿಂದೆ ಅಕ್ಕ ಹೊಲಿದುಕೊಟ್ಟ ನೀಲಿ ಹೂವಿನ ಪರದೆ ಒಂದು ಗೇಣು ಗಿಡ್ಡವಾಗಿತ್ತು. ಅಜ್ಜಿ ಅಂದಿನಿಂದ ಕಂಡಾಗಲೆಲ್ಲ "ನನ್ನ ಒಂದು ಗೇಣು ಬಟ್ಟೆ ನುಂಗಿಬಿಟ್ಟೆ" ಎನ್ನುತ್ತಿದ್ದರು. ಅಕ್ಕ ನುಂಗಿದ್ದು ಬೆರಳಗಲ ಮಾತ್ರ, ಅದೂ ಅಜ್ಜಿಯ ಮನೆಯ ಬೀಗದ ಕೈಗೇ ಕಟ್ಟಿತ್ತು. ಉಳಿದದ್ದು ಒಗೆದಾಗ ಕುಗ್ಗಿದ ಬಟ್ಟೆ. ಅದನ್ನು ಅಜ್ಜಿಯ ಕಿವಿಗೆ ಮುಟ್ಟಿಸುವಷ್ಟು ಗಂಟಲು ಯಾರಿಗಿತ್ತು?

ಒಂದು ಮಧ್ಯಾಹ್ನ ಅಕ್ಕ ಎದುರಿನ ಹಲ್ಲಿನ ಡಾಕ್ಟರಿಗೆ ಕೋಟು ಕೊಟ್ಟುಬರಲು ಹೋದಳು. ಐದೇ ನಿಮಿಷದ ಕೆಲಸ. ಹನ್ನೊಂದು ಮನೆ ಕಾಯುವ ಮಹಾತಾಯಿ ತನ್ನ ಅಂಗಡಿಗೆ ಚಿಲಕವನ್ನೂ ಹಾಕಲಿಲ್ಲ. ಡಾಕ್ಟರು ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡು ಅದನ್ನು ಕಾಲು ಗಂಟೆ ಮಾಡಿದರು.

ವಾಪಸು ಬಂದರೆ ಕಪಾಟಿನಲ್ಲಿ ಡಬ್ಬಿಯಿಲ್ಲ. ಅಕ್ಕ ಮಿಶನ್ ಅಡಿ ಬಗ್ಗಿ ನೋಡಿದಳು, ಅಲ್ಲೂ ಇಲ್ಲ. ಆ ವಾರ ಎರಡು ಸಲ ಪ್ಯಾಂಟು ಗಿಡ್ಡ ಮಾಡಿಸಲು ಬಂದು, ಬೇಡದ ಮಾತೆಲ್ಲ ಆಡಿ ಹೋದ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಪರಿಚಿತನೊಬ್ಬ ಕಣ್ಣಮುಂದೆ ಬಂದ.

ಅವನು ಆಗ ಮೂರನೇ ಮಹಡಿಯಲ್ಲಿ ಬ್ಯಾಂಕಿನವರ ಬಾಗಿಲ ಮುಂದೆ ಬೆವರುತ್ತಿದ್ದ. ಯಾವ ಕೈ ಯಾವ ಬೀಗದ್ದೆಂದು ತಿಳಿಯದೆ ಒಂದೊಂದನ್ನೇ ತೂರಿಸಿ ನೋಡುತ್ತಿದ್ದ. ಆರನೆಯದನ್ನು ತಿರುಗಿಸುವಾಗ ಎದುರುಮನೆಯ ಅಜ್ಜಿ, ಕುಂಡದ ಗಿಡಕ್ಕೆ ನೀರು ಹಾಕಲು ಚೊಂಬು ಹಿಡಿದು ಬಾಗಿಲು ತೆಗೆದರು. ಅವರಿಗೆ ಕಂಡದ್ದು ಕಳ್ಳನಲ್ಲ. ಅವನ ಕೈಯಿಂದ ಜೋತಾಡುತ್ತಿದ್ದ ನೀಲಿ ಹೂವು.

"ನನ್ನ ಪರದೆ ಬಟ್ಟೆ ನಿನ್ನ ಹತ್ರ ಹೇಗೆ ಬಂತಪ್ಪ?"

"ರಿಪೇರಿಗೆ ಬಂದಿದೀನಿ ಅಜ್ಜಿ" ಎಂದ ಅವನು. ಅಜ್ಜಿಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

"ಉಳಿದದ್ದು ಎಲ್ಲಿ? ಒಂದು ಗೇಣು ಇತ್ತು" ಎನ್ನುತ್ತಾ ಅವನ ತೋಳು ಹಿಡಿದುಕೊಂಡರು. ಅವನು ಕೊಸರಿಕೊಂಡ. ಡಬ್ಬಿ ಕೈಜಾರಿ ಗುಂಡಿಗಳೆಲ್ಲ ಮೆಟ್ಟಿಲ ಮೇಲೆ ಚೆಲ್ಲಿದವು. ಅವುಗಳ ಹಿಂದೆಯೇ ಅವನೂ ಓಡಿದ, ಜಾರಿದ, ಎದ್ದ, ಮತ್ತೆ ಜಾರಿದ. ಕೊನೆಯ ಆರು ಮೆಟ್ಟಿಲನ್ನು ಕೂತುಕೊಂಡೇ ಇಳಿದು ಟೈಲರಕ್ಕನ ಕಾಲ ಬುಡದಲ್ಲಿ ನಿಂತ. ಅಕ್ಕ ಅವನ ಕಾಲರ್ ಹಿಡಿದಳು. ಟೈಲರ್ ಹಿಡಿದ ಕಾಲರು ಬಿಡುವುದುಂಟೇ? ಪೊಲೀಸರು ಬರುವವರೆಗೂ ಬಿಡಲಿಲ್ಲ.

ಒಂದು ಚಮಚವೂ ಕಳವಾಗಿರಲಿಲ್ಲ. ಸಂಜೆ ಎಲ್ಲರೂ ಸೇರಿ ಅಕ್ಕನನ್ನು ಹೊಗಳಲು ಶುರುಮಾಡಿದರು. ಅವಳು ಕೈಯೆತ್ತಿ ತಡೆದಳು.

"ಬಾಗಿಲು ತೆರೆದಿಟ್ಟು ಹೋಗಿದ್ದು ನಾನು. ನಿಮ್ಮ ಕೀ ಬೇರೆಯವನ ಕೈಗೆ ಹೋಗಿತ್ತು. ಎಲ್ಲರೂ ಬೀಗ ಬದಲಾಯಿಸಿ."

ಹನ್ನೊಂದನ್ನೂ ಅವರವರಿಗೆ ಒಪ್ಪಿಸಿ ಗುಂಡಿಗಳಷ್ಟೇ ಉಳಿದ ಡಬ್ಬಿಯ ಮುಚ್ಚಳ ಹಾಕಿದಳು. ಮನೆಯಲ್ಲಿ ಗಂಡ, "ಹೊಗಳಿಸಿಕೊಂಡು ಸುಮ್ನೆ ಇರಬಾರದಿತ್ತೇನೇ?" ಎಂದ.

"ಸುಮ್ನಿದ್ರೆ ನಿದ್ದೆ ಬರೋದು ನಿಮಗೆ, ಮನಸ್ಸು ಚುಚ್ಚಿ ಎಚ್ಚರ ಇರಬೇಕಾದವಳು ನಾನು" ಎಂದಳು.

ಮೂರು ದಿನ ಮೇಲಿಂದ ಬೀಗ ಕೂರಿಸುವ ಸದ್ದು ಕೇಳುತ್ತಲೇ ಇತ್ತು. ಯಾರೂ ಹೊಸ ಬೀಗದ ಕೈ ತಂದುಕೊಡಲಿಲ್ಲ. ಅಕ್ಕ ಕೇಳಲಿಲ್ಲ, ಕೇಳುವ ಮುಖವೂ ಇಲ್ಲವೆನಿಸಿತು. ಅಂಗಡಿಗೆ ಹೊಸದೊಂದು ಗಟ್ಟಿ ಚಿಲಕ ಹಾಕಿಸಿದಳು, ಕಾಯಲು ಏನೂ ಉಳಿದಿಲ್ಲವಲ್ಲ ಎಂದು ಸಂಕಟವಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಒಂದು ತೋಳನ್ನು ತಿರುವುಮುರುವಾಗಿ ಹೊಲಿದಳು.

ನಾಲ್ಕನೇ ದಿನ ಅಜ್ಜಿ ಕಂಬಿ ಹಿಡಿದುಕೊಂಡು ಮೂರು ಮಹಡಿ ಇಳಿದು ಬಂದರು. ಹೊಸ ಬೀಗದ ಕೈಯನ್ನು ಮಿಶನ್ ಮೇಲಿಟ್ಟರು.

"ಎಲ್ಲರ ಬೀಗದ ಕೆಲಸ ಮುಗಿದಿದ್ದೇ ನಿನ್ನೆ. ಹಿಂದೇ ಬರ್ತಿದಾರೆ. ನನ್ನದಕ್ಕೆ ಹಳೇ ತುಂಡನ್ನೇ ಕಟ್ಟು. ಆ ಗೇಣು ಬಟ್ಟೆ ಮಾತ್ರ ನಾನು ಮರೆಯಲ್ಲ."

ಕತ್ತಲಾಗುವ ಮೊದಲೇ ಹನ್ನೊಂದೂ ಡಬ್ಬಿ ಸೇರಿದವು. ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿರುವಾಗ ವಿಮೆಯವರು ಬಂದು ನಿಂತರು. ಹೊಸ ಚಿಲಕವನ್ನು ಎರಡು ಸಲ ಎಳೆದು ಪರೀಕ್ಷಿಸಿದರು. ಆಮೇಲೆ ಕಂಕುಳಿನಿಂದ ಪೊಟ್ಟಣವೊಂದನ್ನು ತೆಗೆದರು. ಹಸಿರು ಗೀರಿನ ಶರಟು ಬಟ್ಟೆ, ಅದರ ಮೇಲೆ ಮೂರು ಬೀಗದ ಕೈ.

"ಒಂದು ಶರಟು ಹೊಲೀಬೇಕಿತ್ತು. ಅವಸರವೇನಿಲ್ಲ. ತುಂಡು ಉಳಿದರೆ..." ಎಂದು ಬೀಗದ ಕೈಗಳನ್ನು ಅವಳತ್ತ ತಳ್ಳಿದರು.

ಅಕ್ಕ ಟೇಪು ಹಿಡಿಯಲಿಲ್ಲ, ಅಳತೆ ಕೇಳಲಿಲ್ಲ. ಮೊದಲು ಕತ್ತರಿ ತೆಗೆದುಕೊಂಡು ಅಂಚಿನಿಂದ ಬೆರಳಗಲ ಕತ್ತರಿಸಿ ಮೂರಕ್ಕೂ ಸೇರಿಸಿ ಗಂಟು ಹಾಕಿದಳು.