ನೀರು ಕೇಳದ ಪೆಟ್ಟಿಗೆ

ಅನುಮಾನ ಕೆಲವರಿಗೆ ರೋಗ. ದೊಡ್ಡನೆಕ್ಕುಂದಿಯ ಚಿಕ್ಕಮುನಿಯಮ್ಮನಿಗೆ ಅದು ಕಸುಬು. ಹಾಲಿನವನು ಅಳೆದು ಹಾಕಿದ ಹಾಲನ್ನು ಅವನ ಎದುರಿಗೇ ಇನ್ನೊಮ್ಮೆ ಅಳೆಯುವಳು. ಅಂಚೆಯವನು ಪಕ್ಕದ ಮನೆಗೆ ಕಾಗದ ಕೊಟ್ಟರೆ, ತನಗೆ ಬಂದದ್ದನ್ನೇ ಅಲ್ಲಿ ಕೊಟ್ಟುಬಿಟ್ಟನೇನೋ ಎಂದು ಹಿಂದೆಯೇ ಹೋಗಿ ವಿಚಾರಿಸುವಳು. ಅವಳಿಗೆ ಕಾಗದ ಬರೆಯುವವರು ಲೋಕದಲ್ಲಿ ಒಬ್ಬರೂ ಇರಲಿಲ್ಲ ಎಂಬುದು ಬೇರೆ ಮಾತು.

ಹುಟ್ಟಿದಾಗಿನಿಂದ ಹೀಗೇನೂ ಇರಲಿಲ್ಲ. ಗಂಡ ಬೈರಪ್ಪ ತೀರಿಕೊಂಡ ಮೇಲೆ ಎರಡೂವರೆ ಎಕರೆ ಹೊಲವನ್ನು ಊರಿನ ವೆಂಕಟಪ್ಪನಿಗೆ ವಾರಕ್ಕೆ ಕೊಟ್ಟಿದ್ದಳು. ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಇವಳಿಗೆ. ಒಂದು ಚೀಟಿಯಿಲ್ಲ, ಸಾಕ್ಷಿಯಿಲ್ಲ, ಬರೀ ಬಾಯಿಮಾತು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ವೆಂಕಟಪ್ಪ ಹೊಲ ತನಗೆ ಸೇರಬೇಕೆಂದು ಸದ್ದಿಲ್ಲದೆ ಏಳನೇ ನಂಬರಿನ ಫಾರಂ ತುಂಬಿ ತಾಲ್ಲೂಕು ಆಫೀಸಿಗೆ ಕೊಟ್ಟುಬಂದ. ಒಂದು ದಿನ ಅಧಿಕಾರಿ ಹೊಲದ ಬದುವಿನ ಮೇಲೆ ನಿಂತು, ಊರಿನ ಹತ್ತು ಜನರ ಎದುರಿಗೆ, "ಈ ಪೈರು ಇಟ್ಟೋರು ಯಾರಮ್ಮ?" ಎಂದು ಕೇಳಿದರು. ರಾಗಿ ಆಗಷ್ಟೇ ತೆನೆ ಬಿಟ್ಟಿತ್ತು. ಚಿಕ್ಕಮುನಿಯಮ್ಮ, "ಅವನೇ ಸಾರ್ ಬಿತ್ತಿದ್ದು, ನಮ್ ಮನೇಲಿ ಗಂಡಸ್ರು ಯಾರವ್ರೆ?" ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಅಲ್ಲಿಗೆ ಹೊಲ ಹೋಯಿತು. ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯಿತು ಎಂದು ಊರು ನಾಲ್ಕು ದಿನ ಮಾತಾಡಿ ಸುಮ್ಮನಾಯಿತು. ಇವಳು ಮಾತ್ರ ಅವತ್ತಿನಿಂದ ಹತ್ತು ಜನರ ಎದುರಿಗೆ ನಿಜ ಹೇಳುವುದನ್ನು ಬಿಟ್ಟುಬಿಟ್ಟಳು.

ಕೆರೆಯ ಕಡೆಗಿದ್ದ ಇನ್ನೊಂದು ತುಂಡು ಫ್ಯಾಕ್ಟರಿಗಳ ಪಾಲಾಯಿತು. ಅದಕ್ಕೆ ಬಂದ ಪರಿಹಾರದ ಹಣದಲ್ಲಿ ಮನೆಯ ಪಕ್ಕಕ್ಕೆ ಮೂರು ಶೀಟಿನ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಳು. ಇನ್ನು ಭೂಮಿಯೆಂದು ಅವಳಿಗೆ ಉಳಿದದ್ದು ಹಿಂದುಗಡೆಯ ಹಿತ್ತಲು ಮಾತ್ರ. ನಡುವೆ ಒಂದು ಬಾವಿ, ಮೂಲೆಯಲ್ಲಿ ಒಂದು ನುಗ್ಗೆ ಮರ, ಮಿಕ್ಕದ್ದು ಬರೀ ಕೆಂಪು ಮಣ್ಣು. ಅಲ್ಲಿ ಅವಳೂ ಏನೂ ಬೆಳೆಯಳು, ಇನ್ನೊಬ್ಬರಿಗೂ ಬಿಡಳು. ದಿನವೂ ಗುಡಿಸಿ ಬೋಳಾಗಿಯೇ ಇಟ್ಟುಕೊಂಡಿದ್ದಳು. ಅದೊಂದು ಹೋದರೆ ತಾನು ನಿಲ್ಲುವುದಕ್ಕೂ ಜಾಗವಿಲ್ಲ ಎಂಬ ಹೆದರಿಕೆ ಅವಳಿಗೆ ಕುಂತರೂ ನಿಂತರೂ ಇತ್ತು.

ಎಂಬತ್ತೆರಡನೇ ಇಸವಿಯಲ್ಲಿ ನಡುವಿನ ಮನೆಗೆ ರಾಮಪ್ರಸಾದ, ಊರ್ಮಿಳಾ ಎಂಬ ಗಂಡಹೆಂಡಿರು ಬಂದರು. ಅವನು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಬಂದ ದಿನವೇ ಚಿಕ್ಕಮುನಿಯಮ್ಮ ಬಾವಿಕಟ್ಟೆಯ ಮೇಲೆ ಕುಳಿತು ಕಾಯಿದೆ ಓದಿದಳು. ಮನೆಗೆ ದಿನಕ್ಕೆ ನಾಲ್ಕು ಬಿಂದಿಗೆ ನೀರು, ಐದನೆಯದಿಲ್ಲ. ಊರ್ಮಿಳಾ ಎಣ್ಣೆ ಡಬ್ಬಗಳಲ್ಲಿ ಎರಡು ಬದನೆ, ಒಂದು ಟೊಮೇಟೊ ಗಿಡ ತಂದಿದ್ದಳು. ಅವಕ್ಕೆ ನೀರು ಹಾಕುವಾಗ ಮುದುಕಿಯ ಕಣ್ಣಿಗೆ ಬಿತ್ತು.

"ನಾಕು ಬಿಂದಿಗೆ ಮನುಷ್ಯರು ಕುಡಿಯಾಕೆ ಕಣಮ್ಮ, ಗಿಡ ಸಾಕಾಕಲ್ಲ."

ಆ ಬೇಸಿಗೆಯಲ್ಲಿ ಡಬ್ಬದ ಗಿಡಗಳು ಒಣಗಿ ಕಡ್ಡಿಯಾದವು. ಊರ್ಮಿಳಾ ಕಡ್ಡಿ ಕಿತ್ತು ಡಬ್ಬಗಳನ್ನು ಮಗುಚಿಟ್ಟಳು. ಎದುರಾಡದವರನ್ನು ಕಂಡರೆ ಚಿಕ್ಕಮುನಿಯಮ್ಮನಿಗೆ ಅನುಮಾನ ಒಂದು ಗುಲಗಂಜಿ ಹೆಚ್ಚೇ.

ಮುಂದಿನ ಸಂಕ್ರಾಂತಿಗೆ ಅವಳು ಕುಂದಲಹಳ್ಳಿಯ ತಮ್ಮನ ಮನೆಗೆ ಹೋಗಿ ಎರಡು ದಿನ ಉಳಿದಳು. ವಾಪಸು ಬಂದು ನೋಡಿದರೆ, ಹಿತ್ತಲಿನಲ್ಲಿ ಗೋಡೆಗೆ ಒತ್ತಿಕೊಂಡು ಮಂಚದಷ್ಟು ದೊಡ್ಡ ಮರದ ಪೆಟ್ಟಿಗೆ! ಮೊಣಕಾಲೆತ್ತರ, ಅಂಚಿನವರೆಗೆ ಕೆರೆಯ ಕಪ್ಪು ಗೋಡುಮಣ್ಣು, ಮೇಲೆ ಸಾಲಾಗಿ ಸಸಿ. ಒಂದು ಮೂಲೆಯಲ್ಲಿ ತೂಬಿನಂತೆ ಒಂದು ಪೈಪು ಬೇರೆ ನಿಂತಿತ್ತು. ಅವಳು ನೇರ ಹೋಗಿ ನಡುವಿನ ಮನೆಯ ಬಾಗಿಲು ಬಡಿದಳು.

"ಏನಪ್ಪಾ ಇದು? ನಾನಿಲ್ದಾಗ್ಲೇ ಯಾಕ್ ಮಾಡ್ದೆ?"

"ಸಂಕ್ರಾಂತಿ ರಜ ಇತ್ತಲ್ಲಮ್ಮ, ಅದಕ್ಕೆ," ಎಂದ ರಾಮಪ್ರಸಾದ. ಮಾಡಿದ ಕೆಲಸ ತೋರಿಸುವ ಹುಮ್ಮಸ್ಸು ಅವನಿಗೆ. "ಫ್ಯಾಕ್ಟರಿ ಪ್ಯಾಕಿಂಗ್ ಹಲಗೆ ಇದು. ಗೇಟ್ ಪಾಸ್ ಇದೆ, ಕದ್ದದ್ದಲ್ಲ. ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿದೀನಿ. ಅದರ ಮೇಲೆ ಗೇಣುದ್ದ ಜಲ್ಲಿ, ಒಡೆದ ಕುಂಡ. ನೀರು ಅಲ್ಲಿ ನಿಲ್ಲತ್ತೆ. ಮೇಲೆ ಗೋಣಿತಾಟು, ಅದರ ತುಂಡುಗಳು ಕೆಳಗೆ ನೀರಲ್ಲಿ ಇಳಿಬಿದ್ದಿರ್ತವೆ. ದೀಪದ ಬತ್ತಿ ಎಣ್ಣೆ ಎಳ್ಕೊಳತ್ತಲ್ಲ, ಹಾಗೆ ಮಣ್ಣು ತನಗೆ ಬೇಕಾದಷ್ಟು ನೀರು ಎಳ್ಕೊಳತ್ತೆ. ಮೇಲಿಂದ ಹಾಕೋದೇ ಬೇಡ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಈ ಪೈಪಿಗೆ ಸುರಿದ್ರೆ ಸಾಕು. ನಿಮ್ಮ ಬಾವಿ ನೀರು ಒಂದು ತೊಟ್ಟೂ ಬೇಡಮ್ಮ."

ಬೇಡ ಎನ್ನುವವರು ಏನೋ ದೊಡ್ಡದನ್ನೇ ಬೇಡುತ್ತಿದ್ದಾರೆ ಎಂದು ಅವಳ ಮನಸ್ಸು ಹೇಳಿತು. ಹಿತ್ತಲ ತುಂಬ ಮಣ್ಣಿರುವಾಗ ಕೆರೆಯಿಂದ ಗೋಡು ಯಾಕೆ ತಂದ? ಗಿಡವೇ ಬೇಕಿದ್ದರೆ ನಾಲ್ಕು ಕುಂಡ ಸಾಲದೇ? ಇಷ್ಟು ದೊಡ್ಡದು, ನಾಲ್ಕು ಜನ ಎತ್ತಿದರೂ ಅಲ್ಲಾಡದಂಥದು ಯಾಕೆ? ಪೈರು ಇಟ್ಟವನು ಮುಂದೆ ಏನು ಮಾಡುತ್ತಾನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸಂಜೆಯೇ ಲಕ್ಷ್ಮಯ್ಯನ ಮನೆಗೆ ಹೋದಳು. ಅವನು ಹಿಂದೆ ಪಂಚಾಯ್ತಿ ಮೆಂಬರಾಗಿದ್ದವನು, ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಡುವವನು. ಕೇಳಿ ಬಿದ್ದೂ ಬಿದ್ದೂ ನಕ್ಕ.

"ಅಕ್ಕಯ್ಯ, ಆ ಫಾರಂ ಕಾಲ ಮುಗ್ದು ಎಷ್ಟೋ ವರ್ಸ ಆಯ್ತು. ಅದೂ ಒಲಕ್ಕೆ, ಇತ್ತಲಿಗಲ್ಲ. ಪೆಟ್ಟಿಗೇಲಿ ಬದ್ನೆಕಾಯಿ ಬೆಳ್ದೋನಿಗೆ ಯಾವ ಸರ್ಕಾರ ಜಮೀನು ಕೊಡ್ತೈತೆ?"

"ಅವತ್ತೂ ನೀನು ಇಂಗೇ ನಗಾಡ್ದೆ. ಗಂಡ ಸತ್ತೋಳ ಒಲ ಯಾರೂ ಮುಟ್ಟಾಕಿಲ್ಲ ಅಂದಿದ್ದೆ."

ಲಕ್ಷ್ಮಯ್ಯನ ನಗು ನಿಂತಿತು. ಅವಳು ಎದ್ದು ಬಂದಳು.

ಅಲ್ಲಿಂದಾಚೆ ಅವಳ ಕಣ್ಣೆಲ್ಲ ಪೆಟ್ಟಿಗೆಯ ಮೇಲೆಯೇ. ಫೆಬ್ರವರಿ ಕಳೆಯಿತು, ಮಾರ್ಚಿನ ಬಿಸಿಲು ಬಂತು. ಹಿತ್ತಲ ನೆಲ ಬಿರುಕು ಬಿಟ್ಟಿತು. ಬಾವಿಯಲ್ಲಿ ನೀರು ಎರಡು ಮೆಟ್ಟಿಲು ಇಳಿಯಿತು. ಪೆಟ್ಟಿಗೆಯ ಗಿಡಗಳಿಗೆ ಮಾತ್ರ ಯಾವುದೂ ತಾಗಲಿಲ್ಲ. ಟೊಮೇಟೊ ಸೊಂಟದೆತ್ತರ ಬೆಳೆದು ಗೊಂಚಲು ಬಿಟ್ಟವು. ಬದನೆಯ ಎಲೆ ಮೊರದಗಲ. ಊರ್ಮಿಳಾ ದಿನಕ್ಕೊಮ್ಮೆ ಒಂದು ಪಾತ್ರೆ ಕಲಗಚ್ಚಿನಂಥ ನೀರು ಪೈಪಿಗೆ ಸುರಿಯುತ್ತಿದ್ದಳು, ಅಷ್ಟೇ. ಐವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವಳು ಚಿಕ್ಕಮುನಿಯಮ್ಮ. ಇಂಥ ಬಿಸಿಲಿನಲ್ಲಿ ನೀರು ಹಾಕದೆ ಗಿಡ ನಿಂತಿದೆಯೆಂದರೆ ಬೇರು ಆಳದ ತೇವ ಹುಡುಕಿಕೊಂಡು ಹೋಗಿದೆ ಎಂದೇ ಅರ್ಥ. ಅಂದರೆ ಪೆಟ್ಟಿಗೆಗೆ ತಳವೇ ಇಲ್ಲ. ನಾಲ್ಕು ಗೋಡೆ ನಿಲ್ಲಿಸಿ ಪೆಟ್ಟಿಗೆ ಅನ್ನುತ್ತಿದ್ದಾನೆ. ಬೇರೆಲ್ಲ ಅವಳ ನೆಲದೊಳಗೆ!

ಏಪ್ರಿಲ್‌ನ ಒಂದು ಬೆಳಿಗ್ಗೆ ರಾಮಪ್ರಸಾದ ಮೊದಲ ಶಿಫ್ಟಿಗೆ ಹೋಗಿದ್ದ, ಊರ್ಮಿಳಾ ಸೊಸೈಟಿಗೆ ಸಕ್ಕರೆ ತರಲು ಹೋದಳು. ಚಿಕ್ಕಮುನಿಯಮ್ಮ ಅಟ್ಟದಿಂದ ಹಾರೆ ಇಳಿಸಿ, ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ ಗೋಡೆಯ ಸಂದಿಗೆ ಕೂತು ಅಡಿಯ ಮಣ್ಣನ್ನು ಕೆದಕಿದಳು. ಗೇಣುದ್ದ ಕೆದಕಿ ಕೈ ತೂರಿಸಿದರೆ, ಸಿಕ್ಕಿದ್ದು ನುಣುಪಾಗಿ ಹೆರೆದ ಹಲಗೆ. ಬೆರಳು ಹೋದಷ್ಟು ದೂರವೂ ಹಲಗೆಯೇ. ಅದರ ಕೆಳಗಿನ ಮಣ್ಣು ಹಪ್ಪಳದಂತೆ ಒಣಗಿತ್ತು. ಒಂದು ಬೇರಿಲ್ಲ, ಬೇರಿನ ಎಳೆಯೂ ಇಲ್ಲ.

ಅಲ್ಲಿಗೆ ಬಿಡಬಹುದಿತ್ತು. ಬಿಟ್ಟರೆ ಅವಳು ಚಿಕ್ಕಮುನಿಯಮ್ಮ ಹೇಗಾಗುತ್ತಾಳೆ? ಈ ಮೂಲೆಗೆ ಮಾತ್ರ ಹಲಗೆ ಹೊಡೆದು ನಡುವೆ ಬಿಟ್ಟಿದ್ದರೆ? ಹಾರೆಯನ್ನು ಅಡಿಗೆ ಕೊಟ್ಟು ಮೀಟಿದಳು. ಹಾರೆ ಜಾರಿತು. ಎರಡು ಹಲಗೆಯ ನಡುವೆ ನುಗ್ಗಿ ಏನನ್ನೋ ಪಟ್ಟನೆ ಹರಿಯಿತು. ಹೊರಗೆಳೆದ ಕೂಡಲೇ ನೀರು ಅವಳ ಪಾದದ ಮೇಲೆ ಸುರಿಯತೊಡಗಿತು. ಮೂರು ತಿಂಗಳಿನಿಂದ ಆ ಹೆಣ್ಣು ಪಾತ್ರೆ ಪಾತ್ರೆಯಾಗಿ ಕೂಡಿಟ್ಟಿದ್ದ ನೀರು.

ಚಿಕ್ಕಮುನಿಯಮ್ಮ ಅಂಗೈಯಿಂದ ಒತ್ತಿದಳು, ಮಣ್ಣು ಮೆತ್ತಿದಳು, ಹಳೇ ಸೀರೆಯ ಚಿಂದಿ ತುರುಕಿದಳು. ನೀರು ಯಾವುದನ್ನೂ ಕೇಳಲಿಲ್ಲ. ಊರ್ಮಿಳಾ ಬರುವಷ್ಟರಲ್ಲಿ ಗುಂಡಿ ಮುಚ್ಚಿ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದಳು. ಹಿತ್ತಲು ಉಳಿಯಿತೆಂಬ ಸಮಾಧಾನ ಬರಬೇಕಾಗಿತ್ತು. ಬರಲಿಲ್ಲ.

ಮೂರನೆಯ ದಿನಕ್ಕೆ ಗಿಡಗಳು ತಲೆ ಬಗ್ಗಿಸಿದವು. ರಾಮಪ್ರಸಾದ ಹಿಂದಿನ ಮೂಲೆ ಒದ್ದೆಯಾಗಿರುವುದನ್ನು ಕಂಡು, "ಹೆಗ್ಗಣ ಶೀಟ್ ಕಡಿದಿರ್ಬೇಕು. ರಿಪೇರಿ ಮಾಡೋಕೆ ಎಲ್ಲ ಮಣ್ಣೂ ಖಾಲಿ ಮಾಡ್ಬೇಕು, ಕಾಯಿ ಬಿಟ್ಟಿರೋ ಗಿಡ ಹೇಗೆ ಕೀಳೋದು?" ಎಂದು ಹೆಂಡತಿಗೆ ಹೇಳುತ್ತಿದ್ದ. ಕಟ್ಟೆಯ ಮೇಲಿಂದ ಯಾರೂ ಕೇಳದಿದ್ದರೂ ಒಂದು ದನಿ ಬಂತು: "ಊ ಕಣಪ್ಪ, ಎಗ್ಗಣ ಬೋ ಜಾಸ್ತಿ ಆಗವೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಎಂದರೆ ಇದೇ.

ಮರುದಿನದಿಂದ ಅವಳು ಕೋಳಿ ಕೂಗುವ ಹೊತ್ತಿಗೆ ಏಳತೊಡಗಿದಳು. ರಾಟೆ ಕಿರುಗುಟ್ಟದಂತೆ ಹರಳೆಣ್ಣೆ ಬಿಟ್ಟು, ಬಾವಿಯಿಂದ ಎರಡು ಬಿಂದಿಗೆ ಸೇದಿ, ಗಿಡಗಳ ಬುಡಕ್ಕೆ ಹಾಕಿ, ಸದ್ದಿಲ್ಲದೆ ಒಳಗೆ ಹೋಗುತ್ತಿದ್ದಳು. ಹಾಕಿದ್ದು ಸಂಜೆಯೊಳಗೆ ಇಂಗಿ ಸೋರಿಹೋಗುತ್ತಿತ್ತು, ಮಾರನೆಯ ದಿನ ಮತ್ತೆ ಹಾಕಬೇಕು. ಗಿಡಗಳು ತಲೆಯೆತ್ತಿದವು.

ಆದರೆ ವಿಚಿತ್ರ, ಊರ್ಮಿಳಾ ಕಾಯಿ ಕೀಳುವುದನ್ನು ನಿಲ್ಲಿಸಿದಳು. ಟೊಮೇಟೊ ಹಣ್ಣಾಗಿ ಉದುರಿದರೂ ಎತ್ತಲಿಲ್ಲ. ಗಂಡಹೆಂಡಿರು ಕಿಟಕಿಯ ಬಳಿ ಪಿಸುಗುಟ್ಟುವರು, ಇವಳು ಬಂದರೆ ಬಾಯಿ ಮುಚ್ಚುವರು. ಬಾವಿ ನೀರನ್ನು ಮೂಸಿ ನೋಡಿ ಬಿಂದಿಗೆ ಎತ್ತುವಳು ಆ ಹುಡುಗಿ. ಇವರೇನೋ ಹೂಡುತ್ತಿದ್ದಾರೆ ಎಂದು ಚಿಕ್ಕಮುನಿಯಮ್ಮ ತಲೆಗೆ ಮತ್ತೆ ಹುಳ ಬಿಟ್ಟುಕೊಂಡಳು.

ಒಂದು ಭಾನುವಾರ ಬೆಳಗಾಗುತ್ತಿರುವಾಗ ಎರಡನೆಯ ಬಿಂದಿಗೆ ಅರ್ಧ ಬಗ್ಗಿಸಿದ್ದಳು, ಹಿಂದಿನಿಂದ ಊರ್ಮಿಳಾ ಕೂಗಿದಳು.

"ಏನಮ್ಮ ಹಾಕ್ತಿದೀರಾ ನಮ್ಮ ಗಿಡಕ್ಕೆ?"

"ನೀರು ಕಣಮ್ಮ."

"ನೀರಾ? ನೀವಾ?"

ಚಿಕ್ಕಮುನಿಯಮ್ಮ ಪುಕ್ಕಟೆ ನೀರು ಕೊಟ್ಟಳೆಂದರೆ ಆ ಊರಿನಲ್ಲಿ ಹಸುಗೂಸೂ ನಂಬುತ್ತಿರಲಿಲ್ಲ. ರಾಮಪ್ರಸಾದ ಹೊರಗೆ ಬಂದ. ಅಕ್ಕಪಕ್ಕದ ಬಾಡಿಗೆಯವರು ಬಂದರು. ಬೇವಿನ ಕಡ್ಡಿ ಅಗಿಯುತ್ತ ದಾರಿಯಲ್ಲಿ ಹೋಗುತ್ತಿದ್ದ ಲಕ್ಷ್ಮಯ್ಯನೂ ಬಂದು ನಿಂತ.

"ಹತ್ತು ದಿನದಿಂದ ಗಮನಿಸ್ತಿದೀವಮ್ಮ," ಎಂದ ರಾಮಪ್ರಸಾದ. "ನಾವಿರೋದು ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಹೇಳಿ, ಖಾಲಿ ಮಾಡ್ತೀವಿ. ತಿನ್ನೋ ಗಿಡಕ್ಕೆ ವಿಷ ಯಾಕೆ ಹಾಕ್ತೀರಿ?"

ಇಷ್ಟು ವರ್ಷ ಊರಿಗೆಲ್ಲ ಅನುಮಾನ ಬಡಿಸಿದವಳು, ತನ್ನ ಎಲೆಗೆ ಬಿದ್ದಾಗ ಅದರ ರುಚಿ ಹೇಗಿರುತ್ತದೆಂದು ಇವತ್ತೇ ನೋಡಿದ್ದು. ಚಿಕ್ಕಮುನಿಯಮ್ಮ ಬಿಂದಿಗೆ ಕೆಳಗಿಟ್ಟು, ಕೈಗೆ ಸಿಕ್ಕಿದ ಟೊಮೇಟೊ ಕಿತ್ತು ಬಾಯಿಗಿಟ್ಟುಕೊಂಡಳು. ಒಂದಾಯಿತು, ಎರಡಾಯಿತು. ರಸ ಗಲ್ಲದಿಂದ ಇಳಿದು ಸೆರಗಿಗೆ ಹರಿಯಿತು.

"ಸಾಕಮ್ಮ, ಸಾಕು ಬಿಡಿ," ಎಂದಳು ಊರ್ಮಿಳಾ ಗಾಬರಿಯಿಂದ. "ಬರೀ ನೀರೇ ಆದ್ರೆ ಕದ್ದು ಯಾಕೆ ಹಾಕ್ಬೇಕಿತ್ತು?"

ಹೆಗ್ಗಣದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೆಗ್ಗಣ ಕಡಿಯಿತು, ಗಿಡ ಒಣಗುವುದು ನೋಡಲಾಗಲಿಲ್ಲ ಎಂದುಬಿಟ್ಟಿದ್ದರೆ ಊರೇ ಹೊಗಳುತ್ತಿತ್ತು. ಯಾಕೋ ಅವಳ ನಾಲಿಗೆ ಅದಕ್ಕೆ ಹೊರಳಲಿಲ್ಲ.

"ಎಗ್ಗಣ ಅಲ್ಲ ಕಣಪ್ಪ. ಆರೆ ಆಕಿದ್ದು ನಾನು. ನಿಮ್ ಗಿಡದ ಬೇರು ನನ್ ನೆಲಕ್ಕೆ ಇಳ್ದೈತೇನೋ, ನಾಳೆ ಜಾಗ ನಮ್ದು ಅಂತೀರೇನೋ ಅಂತ ಅಡೀಲಿ ಅಗ್ದು ನೋಡ್ದೆ. ತೂತಾಗೋಯ್ತು. ಅದಕ್ಕೇ ನೀರು ಆಕ್ತಿದ್ದೆ."

ಲಕ್ಷ್ಮಯ್ಯ ಬೇವಿನ ಕಡ್ಡಿ ಬಾಯಿಂದ ತೆಗೆದ. ಯಾರೂ ನಗಲಿಲ್ಲ.

"ಅಡಿಗೆ ಹಲಗೆ ಹೊಡೆದಿದ್ದೇ ನಿಮ್ಮ ನೆಲ ಮುಟ್ಟಬಾರದು ಅಂತ ಅಮ್ಮ," ಎಂದ ರಾಮಪ್ರಸಾದ. "ಮೊದಲು ನೆಲದಲ್ಲೇ ಒಂದು ಮಡಿ ಮಾಡೋಣ ಅಂತಿದ್ವಿ. ಇವಳು ಮೂರು ಸಲ ಕೇಳೋಕೆ ಅಂತ ನಿಮ್ಮ ಬಾಗಿಲ ತನಕ ಬಂದು, ಭಯ ಆಗಿ ಹಾಗೇ ವಾಪಸ್ ಬಂದ್ಬಿಟ್ಟಳು."

ಜಗತ್ತಿಗೆಲ್ಲ ಹೆದರಿಕೊಂಡೇ ಬದುಕಿದ ಚಿಕ್ಕಮುನಿಯಮ್ಮನಿಗೆ, ತನ್ನನ್ನು ಕಂಡು ಹೆದರುವವರೂ ಇದ್ದಾರೆಂದು ಯಾವತ್ತೂ ಹೊಳೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ನಿಂತಳು.

ಊರ್ಮಿಳಾ ಮೆಲ್ಲಗೆ ಕೇಳಿದಳು, "ಕೇಳಿದ್ದಿದ್ರೆ ಕೊಡ್ತಿದ್ರಾ ಅಮ್ಮ?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು! ಎಲ್ಲರೂ ಅದನ್ನೇ ಕಾಯುತ್ತಿದ್ದರು. ಚಿಕ್ಕಮುನಿಯಮ್ಮ ಆ ಹುಡುಗಿಯ ಮುಖವನ್ನೊಮ್ಮೆ, ತನ್ನ ಬೋಳು ಹಿತ್ತಲನ್ನೊಮ್ಮೆ ನೋಡಿದಳು.

"ಇಲ್ಲ ಕಣಮ್ಮ," ಎಂದಳು. "ಕೊಡ್ತಿರಲಿಲ್ಲ."

ಊರ್ಮಿಳಾ ತಲೆಯಾಡಿಸಿದಳು. ಬಗ್ಗಿ ಬಿಂದಿಗೆ ಎತ್ತಿ, ಉಳಿದಿದ್ದ ನೀರನ್ನು ಬದನೆಯ ಬುಡಕ್ಕೆ ಹಾಕಿ, ಖಾಲಿ ಬಿಂದಿಗೆಯನ್ನು ಅವಳ ಕೈಗೆ ಕೊಟ್ಟಳು. ಚಿಕ್ಕಮುನಿಯಮ್ಮ ಎಲ್ಲರೂ ನೋಡುತ್ತಿದ್ದ ಹಾಗೆಯೇ ಬಾವಿಯ ಹತ್ತಿರ ಹೋಗಿ ಇನ್ನೊಂದು ಬಿಂದಿಗೆ ಸೇದಿದಳು.