ಕಾಕು ಕುಡಿದ ಸಿಂದಿ

ಹೋದ ಡಿಸೆಂಬರ್‌ನಲ್ಲಿ ಪುಣೆಯ ನನ್ನ ತಂಗಿಯ ಮಗಳು ಗಾಜಿನ ಲೋಟವೊಂದನ್ನು ನನ್ನ ಮುಂದಿಟ್ಟಳು. ಚಳಿಗಾಲದಲ್ಲಷ್ಟೇ ಮಾಡುವ ಬಿಯರ್ ಅಂತೆ, ಅವಳ ಗೆಳೆಯರೇ ತಯಾರಿಸುತ್ತಾರಂತೆ. "ದೊಡ್ಡವ್ವಾ, ಒಂದ ಗುಟುಕು" ಅಂದಳು. ಈ ವಯಸ್ಸಿನಲ್ಲಿ ಇನ್ನೇನು ಎಂದು ತುಟಿಗೆ ಹಚ್ಚಿದೆ. ಕಹಿ. ಆದರೆ ನೊರೆಯಿಂದ ಎದ್ದ ಆ ಹುಳಿ ಬೆರೆತ ಸಿಹಿ ವಾಸನೆ... ಅಗರಖೇಡದ ಕಾಕು ನೆನಪಾದರು.

ಎಪ್ಪತ್ತರ ದಶಕದಲ್ಲಿ ಸೊಸೆಯಾಗಿ ಆ ಊರಿಗೆ ಹೋದಾಗ ಅವರು ನಮ್ಮ ಪಕ್ಕದ ಮನೆಯವರು. ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆನಷ್ಟೇ, ರಕ್ತಸಂಬಂಧವೇನಿಲ್ಲ. ನಾನು ಬಡಿದ ರೊಟ್ಟಿ ಹರಿದರೆ, ಅತ್ತೆ ನೋಡುವ ಮೊದಲೇ ತಮ್ಮದೊಂದನ್ನು ಮೋಟುಗೋಡೆಯ ಮೇಲಿಂದ ದಾಟಿಸುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಗಂಡ, ಅಂದರೆ ಕಾಕಾ, ಹಳ್ಳದ ದಂಡೆಯ ಈಚಲು ಗಿಡಗಳಿಂದ ಸಿಂದಿ ಇಳಿಸುತ್ತಿದ್ದರು. ಸಂಜೆ ಗಿಡಕ್ಕೆ ಗಡಿಗೆ ಕಟ್ಟುವುದು, ಬೆಳಗಾಗುತ್ತಲೇ ಇಳಿಸುವುದು. ಕಾಕು ಮಾತ್ರ ಪಂಢರಪುರದ ಭಕ್ತೆ. ಕೊರಳಲ್ಲಿ ತುಳಸಿ ಮಾಲೆ. ಸಿಂದಿಯ ಗಡಿಗೆ ಹೊಸ್ತಿಲು ದಾಟುವಂತಿರಲಿಲ್ಲ. ಕಾಕಾ ಮಿಂದೇ ಒಳಗೆ ಬರಬೇಕಿತ್ತು.

ಥಂಡಿ ಬಿತ್ತೆಂದರೆ ಸಿಂದಿ ಸಿಹಿಯಾಗುತ್ತದಂತೆ. ಪ್ರತಿ ವರ್ಷ ಮೊದಲ ಗಡಿಗೆಯಿಂದ ಒಂದು ವಾಟಗ ತುಂಬಿಕೊಂಡು ಕಾಕಾ ಅಂಗಳದಲ್ಲೇ ನಿಲ್ಲುತ್ತಿದ್ದರು.

"ಒಂದ ಗುಟುಕ ನೋಡ. ಸಕ್ಕರಿ ಇದ್ದಂಗ ಐತಿ."

"ನಿಮ್ಮ ಸಕ್ಕರಿ ನಿಮಗ ಇರ್ಲಿ. ಮಾಲಿ ಹಾಕ್ಕೊಂಡಾಕಿಗಿ ಸಿಂದಿ ಕುಡಸ್ತೀರೇನು?"

"ಆತ ಬಿಡ, ಮುಂದಿನ ಥಂಡ್ಯಾಗ ಕುಡ್ಯಾಕಂತಿ."

ಅವರು ನಗುತ್ತ ತಾವೇ ಕುಡಿದುಬಿಡುತ್ತಿದ್ದರು. ಗೋಡೆಯ ಈಚೆಗೆ ನಾನೂ ನಗುತ್ತಿದ್ದೆ.

ನಾನು ಮೊದಲ ಮಗುವಿನ ಬಸುರಿ ಇದ್ದ ವರ್ಷ ಥಂಡಿ ಬೇಗ ಬಿತ್ತು. ಕಾಕಾ ಸಂಜೆ ಗಡಿಗೆಗಳನ್ನು ಕಟ್ಟಿ ಬಂದರು, ಎದೆ ಹಿಡಿದಂತಾಗುತ್ತದೆ ಎಂದು ಮಲಗಿದರು. ಬೆಳಗಿಗೆ ಏಳಲಿಲ್ಲ.

ಅಂಗಳದ ತುಂಬ ಜನ. ಕಾಕು ಅಳದೆ ಕೂತಿದ್ದರು. ಬಿಸಿಲೇರುವ ಹೊತ್ತಿಗೆ ಮೈದುನನನ್ನು ಕರೆದು, "ಗಡಿಗಿ ತುಂಬಿರ್ತಾವು. ಇಳಿಸ್ಕೊಂಡ ಬಾ" ಅಂದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆವು. ಆತ ಒಂದು ಗಡಿಗೆ ತಂದು ಕಟ್ಟೆಯ ಮೇಲಿಟ್ಟ. ಕಾಕು ಎದ್ದರು. ಕೊರಳಿನ ಮಾಲೆ ತೆಗೆದು ನನ್ನ ಕೈಯಲ್ಲಿಟ್ಟರು. ಸಿಂದಿಯನ್ನು ವಾಟಗಕ್ಕೆ ಬಗ್ಗಿಸಿಕೊಂಡರು.

"ಇದೇನವ್ವಾ, ಮಂದಿ ಮುಂದ?" ಎಂದು ನಮ್ಮ ಅತ್ತೆ ಕೈ ಹಿಡಿದರು.

ಕಾಕು ಕೈ ಬಿಡಿಸಿಕೊಂಡು, ನಿಧಾನಕ್ಕೆ, ವಾಟಗ ಬರಿದಾಗುವ ತನಕ ಕುಡಿದರು. ಆಮೇಲೆ ಕಾಕಾನ ಮುಖ ನೋಡಿದರು.

"ಖರೇನ ಸಿಹಿ ಐತ್ರಿ..." ಅಂದರು. "ಅಯ್ಯ, ಈಗ ಯಾರಿಗಿ ಹೇಳ್ಲಿ ನಾ ಇದನ್ನ?"

ಆಗ ಅತ್ತರು ನೋಡಿ... ಆ ಅಳು ಹಳ್ಳದ ಆಚೆಯವರಿಗೂ ಕೇಳಿರಬೇಕು.

ನಾನು ಮರಳಿಸಿದ ಮಾಲೆಯನ್ನು ಅವರು ಮತ್ತೆ ಹಾಕಿಕೊಳ್ಳಲಿಲ್ಲ. ಕಾರಣ ಕೇಳುವ ಧೈರ್ಯ ನನಗಾಗಲಿಲ್ಲ. ತಿಂಗಳು ತುಂಬುವುದರೊಳಗೆ ಕಾಕುವಿನ ಅಣ್ಣ ಬಂದು ಅವರನ್ನು ತವರೂರು ಮಸೂತಿಗೆ ಕರೆದೊಯ್ದ. ಬಸ್ಸು ಹತ್ತುವ ಮುನ್ನ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಹಡದ ಮ್ಯಾಲ ಕೂಸಿನ್ನ ತೋರಿಸಾಕ ಬಾರವ್ವಾ" ಅಂದಿದ್ದರು.

ಅಗರಖೇಡದಿಂದ ಮಸೂತಿ ಅಂಥ ದೂರವೇನಲ್ಲ. ಕೂಸು, ಬಾಣಂತನ, ಸುಗ್ಗಿ, ಮತ್ತೊಂದು ಕೂಸು... ಕಾಕು ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ಅವರು ಹೋಗಿ ವರ್ಷವೇ ಆಗಿತ್ತು.

ಅಂದು ಹೊಟ್ಟೆಯಲ್ಲಿದ್ದ ಮಗನಿಗೆ ಈಗ ತಲೆ ನರೆತಿದೆ. ಮೊನ್ನೆ ಅವನಿಗೆ ಕಾಕುವಿನ ಬಗ್ಗೆ ಹೇಳಿದೆ. "ಯಾರವ್ವಾ ಅವರು?" ಎಂದು ಕೇಳಿದ. ಅವನಿಗೆ ತೋರಿಸಲು ನನ್ನ ಬಳಿ ಅವರದೊಂದು ಫೋಟೊ ಕೂಡ ಇಲ್ಲ.