ಜೆರುಸಲೇಮಿನ ರಾಜನ ಬಲಗೈ

ಕೈ ಸುಟ್ಟದ್ದು ನನಗೆ ಗೊತ್ತಾದದ್ದು ವಾಸನೆಯಿಂದ. ಜರ್ಮನಿಯ ಶ್ವೀಬರ್ಡಿಂಗೆನ್ ಪಕ್ಕದ ಒಂದು ಸಣ್ಣ ಕಂಪನಿಯ ಲ್ಯಾಬಿನಲ್ಲಿ ಕಾರಿನ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಅಂದು ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು, ಮೇಜಿಗೆ ಕೈಯೂರಿ, ಎದುರಿನ ಜರ್ಮನ್ ಸಹೋದ್ಯೋಗಿಯೊಂದಿಗೆ ಮಾತಾಡುತ್ತಿದ್ದೆ. ಆತ ಮಾತು ನಿಲ್ಲಿಸಿ ಮೂಗರಳಿಸಿದ. "ಏನೋ ಸುಡ್ತಾ ಇದೆ" ಎಂದ. ಬೋರ್ಡಿರಬೇಕೆಂದು ಬಗ್ಗಿ ನೋಡಿದೆ. ನನ್ನ ಬಲಗೈಯ ಕಿರುಬೆರಳು ಐರನ್ನಿಗೆ ತಾಗಿಕೊಂಡಿತ್ತು.

ಆತ ನನ್ನ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದ. "ನೋವಾಗಲಿಲ್ಲವಾ?" ಎಂದು ಎರಡೆರಡು ಸಲ ಕೇಳಿದ. ನಾನು ಇಲ್ಲವೆಂದಾಗ ನಕ್ಕು, "ನೀವು ಗಟ್ಟಿ ಹೆಂಗಸು" ಎಂದ. ಸ್ವಲ್ಪ ಹೆಮ್ಮೆಯೇ ಆಯಿತು ನನಗೆ.

ಮನೆಗೆ ಬಂದು ತೋರಿಸಿದಾಗ ಗಂಡ ನಗಲಿಲ್ಲ. "ಡಾಕ್ಟರಿಗೆ ತೋರ್ಸು ಮಾರಾಯ್ತಿ, ಚರ್ಮ ಸುಲಿದು ಹೋಗಿದೆ" ಎಂದರು. ನಮ್ಮ ಹೌಸ್‌ಆರ್ಟ್ಸ್ಟ್, ಅಂದರೆ ಏನಾದರೂ ಆದರೆ ಮೊದಲು ತೋರಿಸುವ ಡಾಕ್ಟರು, ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರಿಗೆ ನರ ಒತ್ತಿ ಹೀಗಾಗುತ್ತದೆ ಎಂದು ಕೈಗೆ ಪಟ್ಟಿ ಕೊಟ್ಟರು. ಮುಂಗೈಯ ಮೇಲೊಂದು ಮಾಸಲು ಬಿಳಿ ಕಲೆಯಿತ್ತು. ಅದು ಚಳಿಗೆ ಒಣಗಿದ ಚರ್ಮ ಎಂದು ಕ್ರೀಮು ಬರೆದುಕೊಟ್ಟರು. ನಾನು ಹಚ್ಚಿಕೊಳ್ಳುತ್ತಾ ಹೋದೆ. ಕಲೆ ಹಾಗೇ ಇತ್ತು.

ಆ ದಿನಗಳಲ್ಲೇ ಮಗಳಿಗೆ ಶಾಲೆಯಲ್ಲಿ ಇತಿಹಾಸದ ಕೆಲಸವೊಂದು ಬಂತು. ಅವಳಾಗ ಏಳನೆಯ ಕ್ಲಾಸು. ನಮ್ಮ ಊರಿನಿಂದ ರೈಲಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರದ ಗುಡ್ಡದ ಮೇಲೆ ಒಂದು ಪಾಳು ಕೋಟೆಯಿದೆ. ಅಲ್ಲಿಂದ ಮೇಲೆದ್ದ ಚಕ್ರವರ್ತಿಗಳ ವಂಶವೃಕ್ಷ ಬರೆದು ಕ್ಲಾಸಿನಲ್ಲಿ ವಿವರಿಸಬೇಕಿತ್ತು. ಅವಳು ಹಾಲ್‌ನ ನೆಲದ ಮೇಲೆ ದೊಡ್ಡ ಹಾಳೆ ಹಾಸಿದಳು. ಗೆರೆ ಎಳೆಯುವಾಗ ಅಳತೆಪಟ್ಟಿ ಹಿಡಿದುಕೊಳ್ಳುವುದು ನನ್ನ ಪಾಲಿಗೆ ಬಂತು.

ಆ ವಂಶದಲ್ಲಿ ನೆಮ್ಮದಿಯಿಂದ ಸತ್ತವರು ಕಡಿಮೆ. ಧರ್ಮಯುದ್ಧಕ್ಕೆ ಹೊರಟ ಮುದಿ ಚಕ್ರವರ್ತಿ ದಾರಿಯಲ್ಲೇ ನದಿಯಲ್ಲಿ ಮುಳುಗಿ ಸತ್ತ. ಕೊನೆಯ ಕುಡಿಯ ತಲೆಯನ್ನು ಹದಿಹರೆಯದಲ್ಲೇ ಪೇಟೆಯ ನಡುವೆ ಕತ್ತರಿಸಿದರು. ನಡುವಿನ ಒಬ್ಬ ಚಕ್ರವರ್ತಿ ಜೆರುಸಲೇಮಿನ ರಾಣಿಯಾಗಿದ್ದ ಹುಡುಗಿಯನ್ನು ಮದುವೆಯಾಗಿದ್ದ. ಅವಳೂ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಮಗಳು ಆ ರಾಣಿಯ ತಾಯಿಯ ಕಡೆಯ ಗೆರೆ ಹಿಡಿದು ಮೇಲೆ ಹತ್ತಿದಳು.

"ಅಮ್ಮ, ಲುಕ್. ಇವನ ಕೆಳಗೆ ಲೈನೇ ಇಲ್ಲ" ಎಂದಳು. ಅಕ್ಕನ ಮತ್ತು ಮಲತಂಗಿಯ ಚೌಕಗಳ ನಡುವೆ ಜೆರುಸಲೇಮಿನ ಒಬ್ಬ ರಾಜನ ಚೌಕ ಒಂಟಿಯಾಗಿ ನಿಂತಿತ್ತು.

"ಮದುವೆ ಆಗ್ಲಿಲ್ವಾ?"

"ಹೇಗೆ ಆಗುದು? ಅವನಿಗೆ ಲೆಪ್ರಾ ಇತ್ತು, ಲೆಪ್ರಸಿ. ಚಿಕ್ಕವನಿದ್ದಾಗ ಫ್ರೆಂಡ್ಸ್ ಎಲ್ಲ ಆಟಕ್ಕೆ ಒಬ್ಬರಿಗೊಬ್ಬರು ಉಗುರಿನಲ್ಲಿ ಕೈ ಗೀರ್ತಿದ್ರಂತೆ. ಎಲ್ರೂ ಕಿರುಚ್ತಿದ್ರು, ಇವನು ಮಾತ್ರ ಸುಮ್ಮನೆ. ಟೀಚರ್ ಇವನು ಮೂಟಿಗ್ ಅಂತ ತಿಳ್ಕೊಂಡ್ರು, ಬ್ರೇವ್ ಅಂತ. ಮತ್ತೆ ನೋಡಿದ್ರೆ ಬಲಗೈಯಲ್ಲಿ ಫೀಲಿಂಗೇ ಇರ್ಲಿಲ್ಲ."

"ಮತ್ತೆ?"

"ಮತ್ತೆ ಕಣ್ಣು ಹೋಯ್ತು. ನಡೀಲಿಕ್ಕೆ ಆಗ್ತಿರ್ಲಿಲ್ಲ. ಯುದ್ಧಕ್ಕೆ ಹೊತ್ಕೊಂಡು ಹೋಗ್ತಿದ್ರು. ಅಮ್ಮ, ಪಟ್ಟಿ ಸರಿ ಹಿಡಿ."

ಪಟ್ಟಿಯನ್ನು ಅವಳ ಕೈಗೇ ಕೊಟ್ಟು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಸೆರಗಿಗೆ ಹಾಕುವ ಪಿನ್ನು ತೆಗೆದು ಎಡಗೈಗೆ ಚುಚ್ಚಿದೆ. ಚುರುಕ್ಕೆಂದಿತು. ಬಲ ಮುಂಗೈಯ ಕಲೆಯ ಮೇಲೆ ಚುಚ್ಚಿದೆ. ಇನ್ನೊಂದಿಷ್ಟು ಒತ್ತಿದೆ. ರಕ್ತ ಸಣ್ಣಗೆ ಒಸರಿತು. ಬೇರೆ ಯಾರದೋ ಕೈಯನ್ನು ನೋಡುತ್ತಿದ್ದೇನೆ ಅನಿಸಿತು.

ಅಂದು ಯಾರಿಗೂ ಹೇಳಲಿಲ್ಲ. ಆ ಶನಿವಾರ ಮಗಳು, ಹಾಳೆಯ ಬದಿಗೆ ತನ್ನದೇ ಕುಟುಂಬದ ವಂಶವೃಕ್ಷವನ್ನೂ ಬರೆಯಬೇಕಂತೆ ಎಂದಳು. ಅಮ್ಮನಿಗೆ ಉಡುಪಿಗೆ ಫೋನ್ ಮಾಡಿದೆ. ಅಮ್ಮ ಅಲ್ಲಿ ತಮ್ಮನ ಸಂಸಾರದ ಜೊತೆಗಿದ್ದಾಳೆ. ಖುಷಿಯಿಂದ ಮುತ್ತಜ್ಜ, ಅಜ್ಜಿ, ಅಜ್ಜಿಯ ಅಣ್ಣಂದಿರು ಎಂದು ಹೇಳುತ್ತಾ ಬಂದಳು. ಒಬ್ಬರು ಬಿಟ್ಟುಹೋಗಿದ್ದರು.

"ಸಣ್ಣಜ್ಜಿಯನ್ನು ಹೇಳ್ಲಿಲ್ಲ ನೀನು" ಎಂದೆ.

ಅಜ್ಜಿಯ ಕೊನೆಯ ತಂಗಿ ಅವಳು. ಮದುವೆಯಾಗದೆ ನಮ್ಮ ಜೊತೆಗೇ ಇದ್ದಳು. ಚಿಕ್ಕಂದಿನಲ್ಲಿ ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಕುದಿಯುವ ಗಂಜಿಯ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸುತ್ತಿದ್ದಳು. ನಮಗದು ಜಾದೂ. ಒಂದು ದಿನ ಶಾಲೆಯಿಂದ ಬಂದಾಗ ಅವಳಿರಲಿಲ್ಲ. ಯಾವುದೋ ಆಶ್ರಮಕ್ಕೆ ಹೋದಳೆಂದಿದ್ದರು.

"ಅವಳನ್ನು ಹಾಕುದು ಬೇಡ" ಎಂದಳು ಅಮ್ಮ.

"ಯಾಕೆ?"

"ಅದೆಲ್ಲ ಎಂತಕ್ಕೆ ಈಗ? ಮಗು ಶಾಲೆಗೆ ಬರೆಯುದಲ್ವಾ?"

"ಅಮ್ಮ, ಅವಳಿಗೆ ಎಂತ ಆಗಿತ್ತು?"

"ದೊಡ್ಡ ರೋಗ" ಎಂದಳು ಅಮ್ಮ, ಪಕ್ಕದಲ್ಲಿ ಯಾರೋ ಇರುವ ಹಾಗೆ ದನಿ ತಗ್ಗಿಸಿ. "ನಿನ್ನ ಸೋದರಮಾವನಿಗೆ ಹೆಣ್ಣು ನೋಡ್ತಾ ಇದ್ರು ಆಗ. ಮನೆಯಲ್ಲಿ ಇಟ್ಕೊಳ್ಳುದು ಹೇಗೆ? ದೂರದಲ್ಲಿ ಅಂಥವರನ್ನು ನೋಡ್ಕೊಳ್ಳುವ ಜಾಗ ಉಂಟು, ಅಲ್ಲಿ ಬಿಟ್ಟು ಬಂದ್ರು. ಮತ್ತೆ ಯಾರೂ ಹೋಗ್ಲಿಲ್ಲ. ಸತ್ತದ್ದೂ ಆಮೇಲೆ ಗೊತ್ತಾದದ್ದು."

ನಾನು ಫೋನಿಟ್ಟು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನ ಬಲಗೈಯನ್ನು ತೆಗೆದುಕೊಂಡು ಎರಡೂ ಕೈಗಳ ನಡುವೆ ಇಟ್ಟುಕೊಂಡರು. ಕಿರುಬೆರಳ ಕಡೆಗೆ ಆ ಹಿಡಿತ ನನಗೆ ತಿಳಿಯಲೇ ಇಲ್ಲ.

ಉಷ್ಣದೇಶದ ರೋಗಗಳನ್ನು ನೋಡುವ ಆಸ್ಪತ್ರೆಗೆ ಹೋಗುವಾಗ ಶಾಲೆಗೆ ರಜೆಯಿತ್ತು, ಮಗಳೂ ಬಂದಳು. ವಯಸ್ಸಾದ ಡಾಕ್ಟರಮ್ಮ ನನ್ನ ಮೊಣಕೈಯ ಒಳಬದಿ ಬೆರಳಾಡಿಸಿ, ನರವೊಂದು ಹಗ್ಗದಂತೆ ದಪ್ಪಗಾಗಿದೆ ಎಂದು ತೋರಿಸಿದರು. ಚರ್ಮದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ನಾನು ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡೆ. ಹಾಗೆ ಮಾಡಬೇಕಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಮಗಳು ಆ ಲೋಟವನ್ನು ನೋಡುತ್ತಿದ್ದಳು. ಅವಳಿಗೆ ಆ ರಾಜನ ಕೊನೆಯ ದಿನಗಳೆಲ್ಲ ಗೊತ್ತಿದ್ದವು.

ಉತ್ತರ ಕೇಳಲು ಮೂವರೂ ಹೋದೆವು. ನಾವು ಹೆದರಿದ್ದೇ ಆಗಿತ್ತು. ಡಾಕ್ಟರಮ್ಮ ಮಾತ್ರೆಗಳ ಬಗ್ಗೆ ಹೇಳುತ್ತಿದ್ದಾಗ ಮಗಳು ಕುರ್ಚಿಯ ತುದಿಗೆ ಬಂದು ಜರ್ಮನ್‌ನಲ್ಲಿ ಕೇಳಿದಳು, "ಅಮ್ಮನ ಮುಖ ಬದಲಾಗ್ತದಾ? ಕಣ್ಣು ಹೋಗ್ತದಾ?"

"ಇಲ್ಲ. ಆ ಕಾಲ ಹೋಯಿತು. ಮಾತ್ರೆ ಶುರು ಮಾಡಿದ ಮೇಲೆ ಯಾರಿಗೂ ಹರಡುವುದೂ ಇಲ್ಲ" ಎಂದರು ಅವರು.

"ನಮ್ಮ ಫ್ಯಾಮಿಲಿಯಲ್ಲಿ ಇದು ಮೇಲಿಂದ ಕೆಳಗೆ ಬರ್ತದಾ?"

"ರಕ್ತದಲ್ಲಿ ಬರುವ ರೋಗವಲ್ಲ ಇದು. ಮದ್ದಿಲ್ಲದವರ ಜೊತೆ ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದರೆ ಕೆಲವರಿಗೆ ಬರಬಹುದು. ಕಾಣಿಸಿಕೊಳ್ಳಲು ಎಷ್ಟೋ ವರ್ಷ ಬೇಕು." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಗಳನ್ನೂ ಗಂಡನನ್ನೂ ಈಗ ನೋಡುತ್ತೇನೆ. ಮುಂದೆಯೂ ಪ್ರತಿ ವರ್ಷ ಕರೆದುಕೊಂಡು ಬನ್ನಿ" ಎಂದರು. ಆ ದಿನ ಇಬ್ಬರಲ್ಲೂ ಏನೂ ಸಿಗಲಿಲ್ಲ.

ಮಾತ್ರೆಗಳಿಂದ ನನ್ನ ಮೈಬಣ್ಣ ಕಪ್ಪಗಾಯಿತು, ಮೂತ್ರ ಕೆಂಪಗಾಯಿತು. ಆಫೀಸಿನಲ್ಲಿ ರಜೆಗೆ ಊರಿಗೆ ಹೋಗಿದ್ದಿರಾ ಎಂದು ಕೇಳಿದರು, ಹೌದೆಂದೆ. ರೋಗ ವಾಸಿಯಾಯಿತು. ಆದರೆ ಎರಡು ಬೆರಳುಗಳ ಸ್ಪರ್ಶ ಮರಳಿ ಬರಲಿಲ್ಲ. ಅಡುಗೆ ಮಾಡುವಾಗ ಈಗ ಕೈಯನ್ನು ಕಣ್ಣಿನಿಂದ ಕಾಯುತ್ತೇನೆ.

ಅಮ್ಮನಿಗೆ ಹೇಳಲು ಧೈರ್ಯ ಬಂದದ್ದು ಮದ್ದು ಮುಗಿದ ಮೇಲೆ. ಅವಳು ಅಳಬಹುದು, ಇಲ್ಲವೇ ಬೈಯಬಹುದು ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಆ ಕಲೆ ಹೇಗೆ ಇತ್ತು?" ಎಂದು ಕೇಳಿದಳು.

ಹೇಳಿದೆ.

"ಅಲ್ಲಿ ಕೂದಲು ಇರ್ಲಿಲ್ವಾ? ಬೆವರುದಿಲ್ವಾ?"

"ಇಲ್ಲ. ನೀನು ಎಂತಕ್ಕೆ ಕೇಳುದು?"

"ನನ್ನ ಕಾಲಲ್ಲಿ ಒಂದು ಉಂಟು. ಎಷ್ಟೋ ವರ್ಷದಿಂದ. ವಯಸ್ಸಿಗೆ ಬಂದದ್ದು ಅಂತ ಬಿಟ್ಟಿದ್ದೆ."

ಹಿಂದಿನಿಂದ ತಮ್ಮನ ಮಕ್ಕಳ ಗಲಾಟೆ ಕೇಳುತ್ತಿತ್ತು. ಅವರಿಬ್ಬರೂ ಹುಟ್ಟಿದಾಗಿನಿಂದ ಅಮ್ಮನ ಆಚೆಗೊಬ್ಬ, ಈಚೆಗೊಬ್ಬಳು ಮಲಗುವವರು.

"ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಮ್ಮ. ಮಕ್ಕಳನ್ನೂ ಕರ್ಕೊಂಡು ಹೋಗು" ಎಂದೆ.

"ಮಕ್ಕಳನ್ನು ಯಾಕೆ ಅಂತ ಸೊಸೆ ಕೇಳಿದ್ರೆ ನಾನು ಎಂತ ಹೇಳ್ಲಿ?" ಎಂದಳು ಅಮ್ಮ.

ಫೋನನ್ನು ತಮ್ಮನಿಗೆ ಕೊಡು ಎಂದೆ.